ಬರಿದೇ ತಿರುಗುವ ಕಲ್ಲು

ಸರಸಮ್ಮನ ಮನೆಯಲ್ಲಿ ಇಡ್ಲಿಗೆ ರುಬ್ಬುತ್ತಿದ್ದದ್ದು ಎರಡು ದಿನಕ್ಕೊಂದು ಸಲ. ಗ್ರೈಂಡರ್ ತಿರುಗುತ್ತಿದ್ದದ್ದು ಮಾತ್ರ ಕೆಲವು ವಾರ ದಿನವೂ, ಕೆಲವು ದಿನ ಎರಡೆರಡು ಸಲ.

ಅದು ಹೋಟೆಲಿನಿಂದ ಮನೆಗೆ ಬಂದ ಪದ್ಧತಿ. ಅವಳ ಗಂಡ ಸುಬ್ರಾಯರು ಕುಂದಾಪುರದ ಕಡೆಯಿಂದ ಹದಿನಾಲ್ಕನೆಯ ವಯಸ್ಸಿನಲ್ಲಿ ಮದರಾಸಿಗೆ ಬಂದು, ಯಾರ ಯಾರದೋ ಹೋಟೆಲಿನಲ್ಲಿ ದುಡಿದು, ಕೊನೆಗೆ ಪುರಸೈವಾಕ್ಕಂನಲ್ಲಿ ಎಂಟು ಮೇಜಿನ ತಮ್ಮದೇ ಹೋಟೆಲು ತೆರೆದವರು. ಕೈ ಶುದ್ಧ, ರುಚಿ ಶುದ್ಧ. ಬಾಯಿ ಮಾತ್ರ ಜೋರು. ಅಡುಗೆಯವರ ಮೇಲೆ ಅವರ ಸ್ವರ ಏರಿತೆಂದರೆ, ಒಳಗೆ ರುಬ್ಬುವ ಕೆಲಸಕ್ಕಿದ್ದ ಐತಪ್ಪ ಗ್ರೈಂಡರಿನ ಸ್ವಿಚ್ಚು ಹಾಕಿಬಿಡುತ್ತಿದ್ದ. ಹೊರಗೆ ಕಾಫಿ ಕುಡಿಯುತ್ತ ಕೂತ ಗಿರಾಕಿಗಳಿಗೆ ಕಲ್ಲಿನ ಸದ್ದು ಕೇಳಬೇಕೇ ಹೊರತು ಧಣಿಗಳ ಬೈಗುಳ ಕೇಳಬಾರದು. ಯಾರೂ ಹೇಳಿಕೊಟ್ಟದ್ದಲ್ಲ, ಹೋಟೆಲಿನ ಮರ್ಯಾದೆ ಉಳಿಯಲಿ ಎಂದು ಅವನಿಗೇ ತೋಚಿದ್ದು.

ಮನೆ ಹೋಟೆಲಿನ ಹಿಂದಿನ ಸಂದಿನಲ್ಲಿ, ಹಳೆಯ ಕಟ್ಟಡದ ಮೊದಲ ಮಹಡಿ. ಮನೆಗೂ ಗ್ರೈಂಡರ್ ಬಂದ ವರ್ಷ ಸರಸಮ್ಮನೂ ಅದನ್ನೇ ಕಲಿತಳು. ಗಂಡನ ಸ್ವರ ಏರುವಾಗ ಸ್ವಿಚ್ಚು. ಈಗ ಸುಬ್ರಾಯರಿಗೆ ಅರವತ್ತೊಂಬತ್ತು, ಸಕ್ಕರೆ ಕಾಯಿಲೆ. ಗಲ್ಲಾದಲ್ಲಿ ಕೂರುವವನು ಮಗ ಸಂತೋಷ್. ಸ್ವರವೂ ಮಗನಿಗೆ ಬಂದಿತ್ತು. ಸರಸಮ್ಮ ಸ್ವಿಚ್ಚು ಹಾಕುವುದನ್ನು ಮುಂದುವರಿಸಿದ್ದಳು, ಸೊಸೆಗಾಗಿ.

ಎರಡು ಸಾವಿರದ ಮೂರನೆಯ ಇಸವಿಯ ಏಪ್ರಿಲ್. ಆ ವರ್ಷ ಮದರಾಸಿನಲ್ಲಿ ನೀರಿಲ್ಲ. ಮಧ್ಯಾಹ್ನ ಮೂರರ ಸುಮಾರಿಗೆ ನೀರಿನ ಲಾರಿ ಸಂದಿನ ಬಾಯಿಗೆ ಬರುತ್ತಿತ್ತು. ಅದೇ ಹೊತ್ತಿಗೆ ಸಂತೋಷ್ ಹೋಟೆಲಿನ ಊಟದ ಗಲಾಟೆ ಮುಗಿಸಿ ಮನೆಗೆ ಉಣ್ಣಲು ಬರುತ್ತಿದ್ದ. ಅಂದು ಬಂದವನು ಬಟ್ಟಲಿನ ಮುಂದೆ ಕೂತು ಕೇಳಿದ.

"ಕೋಯಂಬೇಡಿನ ತರಕಾರಿಯವ ಫೋನ್ ಮಾಡಿದ್ದು ಎಷ್ಟು ಗಂಟೆಗೆ?"

ಸೊಸೆ ಪ್ರೇರಣಾ ಸೌತೆಕಾಯಿ ಹುಳಿ ಬಡಿಸುತ್ತಿದ್ದಳು. "ಹನ್ನೊಂದಕ್ಕೆ. ತಕ್ಷಣ ಹೋಟೆಲಿಗೆ ಮಾಡಿದೆ. ನೀವು ಇರಲಿಲ್ಲ. ಕ್ಯಾಷಿನಲ್ಲಿ ಇದ್ದವರಿಗೆ ಹೇಳಿದೆ."

"ಕ್ಯಾಷಿನವನನ್ನಾ ನೀನು ಮದುವೆಯಾದದ್ದು?"

ಅವಳು ಇನ್ನೊಂದು ಸೌಟು ಹುಳಿ ಬಡಿಸಹೋದಳು.

"ಕೇಳಿದ್ದಕ್ಕೆ ಬಾಯಿ ಇಲ್ವಾ? ಬಿ.ಕಾಂ. ಫಸ್ಟ್ ಕ್ಲಾಸು! ಒಂದು ಫೋನಿನ ಮಾತು ತಲುಪಿಸ್ಲಿಕ್ಕೆ ಆಗದ ಫಸ್ಟ್ ಕ್ಲಾಸು! ನಮ್ಮಲ್ಲಿ ಟೇಬಲ್ ಒರೆಸುವವನಿಗೆ ನಿನಗಿಂತ ಮಂಡೆ ಉಂಟು. ಸಮೀಕ್ಷಾ, ಇಲ್ಲಿ ಬಾ. ನಿನ್ನ ಅಮ್ಮನ ಮಂಡೆಯೊಳಗೆ ಎಂತ ಉಂಟು, ಹೇಳು."

ಆರು ವರ್ಷದ ಸಮೀಕ್ಷಾ ಬಾಗಿಲ ಹತ್ತಿರ ನಿಂತಿದ್ದಳು. ಅಮ್ಮನ ಮುಖ ನೋಡಿದಳು, ಅಪ್ಪನ ಮುಖ ನೋಡಿದಳು.

"ಹೇಳೇ!"

"ಒಣ್ಣುಮೇ ಇಲ್ಲೆ," ಎಂದಿತು ಮಗು. ಏನೂ ಇಲ್ಲ ಎನ್ನುವುದು ಅದಕ್ಕೆ ತಮಿಳಿನಲ್ಲೇ ಬರುತ್ತಿತ್ತು.

ಸಂತೋಷ್ ಗಟ್ಟಿಯಾಗಿ ನಕ್ಕ. ಅಪ್ಪ ನಕ್ಕದ್ದು ಕಂಡು ಮಗುವೂ ನಕ್ಕಿತು. ಪ್ರೇರಣಾ ಬಡಿಸಿದ ಹುಳಿ ಬಟ್ಟಲು ತಪ್ಪಿ ನೆಲಕ್ಕೆ ಬಿತ್ತು. "ಅಗೋ, ಬಡಿಸ್ಲಿಕ್ಕೂ ಬರುವುದಿಲ್ಲ!" ಎಂದು ಅವನ ಸ್ವರ ಏರುವಷ್ಟರಲ್ಲಿ ಸರಸಮ್ಮ ಅಡುಗೆಮನೆಗೆ ಹೋಗಿ ಸ್ವಿಚ್ಚು ಹಾಕಿದಳು. ಕಲ್ಲು ಕರಕರ ತಿರುಗಿತು. ಒಳಗೆ ಅಕ್ಕಿಯ ಒಂದು ಕಾಳೂ ಇರಲಿಲ್ಲ.

ಮರುದಿನ ಸಂತೋಷ್ ಬಾದಾಮಿ ಹಲ್ವದ ಪೊಟ್ಟಣ ತಂದ. ಬೈದ ಮರುದಿನ ಹಲ್ವ ಬರುವುದೂ ಮನೆಯ ಪದ್ಧತಿಯೇ. "ತಿನ್ನು ಮಾರಾಯ್ತಿ, ನಿನಗೇ ತಂದದ್ದು. ನನ್ನ ಬಾಯಿ ಹೀಗೆ, ನಿನಗೆ ಗೊತ್ತಲ್ಲ," ಎಂದು ಹೆಂಡತಿಯ ಹೆಗಲು ತಟ್ಟಿ ಹೋದ. ಆ ಹೊತ್ತಿನಲ್ಲಿ ಅವನ ಮುಖ ನೋಡಿದರೆ ಪಾಪದವನು ಎನಿಸಬೇಕು.

ಪೊಟ್ಟಣ ಸಂಜೆಯವರೆಗೂ ಹಾಗೇ ಇತ್ತು. ಇರುವೆ ಹತ್ತಿತು.

"ತಿನ್ನಬಹುದಿತ್ತಲ್ಲ ಪ್ರೇರಣಾ," ಎಂದಳು ಸರಸಮ್ಮ. "ಅವನಿಗೆ ಪಶ್ಚಾತ್ತಾಪ ಆಗಿಯೇ ತಂದದ್ದು."

"ಅತ್ತೆ, ನಿಮಗೆ ಒಟ್ಟು ಎಷ್ಟು ಪೊಟ್ಟಣ ಬಂದಿತ್ತು?"

ಕುಹಕದ ಪ್ರಶ್ನೆಯಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕೆಂಬಂತೆ ಕೇಳಿದಳು. ಸರಸಮ್ಮ ಇರುವೆಗಳನ್ನು ಊದತೊಡಗಿದಳು.

ಸಂತೋಷ್, ಪ್ರೇರಣಾ ಇಬ್ಬರೂ ಇಷ್ಟಪಟ್ಟು ಮದುವೆಯಾದವರು. ಪ್ರೇರಣಾಳ ತವರು ಪೆರಂಬೂರು, ಅಪ್ಪ ವಿಶ್ವನಾಥರು ರೈಲ್ವೆಯವರು, ಮೈಸೂರು ಕಡೆಯ ಜನ. ರಾಯಪುರಂನ ಒಂದು ವಿಮಾ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದವಳು ಇಲಾಖಾ ಪರೀಕ್ಷೆಯ ಕ್ಲಾಸಿಗೆಂದು ಸಂಜೆ ಪುರಸೈವಾಕ್ಕಂಗೆ ಬರುತ್ತಿದ್ದಳು. ಕ್ಲಾಸು ಮುಗಿಸಿ ಹೋಟೆಲಿನಲ್ಲಿ ಒಂದು ಕಾಫಿ. ಧಣಿಯ ಮಗ ಅವಳ ಕಾಫಿಯನ್ನು ತಾನೇ ತಂದಿಡುತ್ತಿದ್ದ. ಆಗ ಅವಳು ಆಟೋದವರ ಹತ್ತಿರ ತಮಿಳಿನಲ್ಲಿ ಚೌಕಾಸಿ ಮಾಡುತ್ತಿದ್ದ ರೀತಿಯನ್ನು ಸಂತೋಷ್ ಮನೆಯಲ್ಲಿ ನಟಿಸಿ ತೋರಿಸಿ ಎಲ್ಲರನ್ನೂ ನಗಿಸುತ್ತಿದ್ದ.

ಮಗುವಿಗೆ ಉಬ್ಬಸ ಶುರುವಾದಾಗ ಪ್ರೇರಣಾ ಸಂಬಳವಿಲ್ಲದ ರಜೆ ಹಾಕಿದ್ದಳು. ಎರಡು ವರ್ಷವಾಯಿತು, ಉಬ್ಬಸವೂ ಇಳಿದಿತ್ತು. ಮಾರ್ಚಿನಲ್ಲಿ ಕಚೇರಿಯಿಂದ ಕಾಗದ ಬಂತು: ಇನ್ನು ರಜೆ ಇಲ್ಲ, ಜೂನ್ ಎರಡರಂದು ಬಂದು ಹಾಜರಾಗದಿದ್ದರೆ ಕೆಲಸ ಹೋದಂತೆ. ಆ ಕಾಗದವನ್ನು ಅವಳು ಅತ್ತೆಗೆ ಮಾತ್ರ ತೋರಿಸಿದಳು.

"ಸಂತೋಷನಿಗೆ ಹೇಳು," ಎಂದಿದ್ದಳು ಸರಸಮ್ಮ.

"ಹೇಳ್ತೀನಿ ಅತ್ತೆ. ಹೇಗೆ ಹೇಳಬೇಕು ಅಂತ ನೋಡ್ತಿದ್ದೀನಿ."

ಹೇಗೆ ಹೇಳಬೇಕೆಂದು ಅವಳು ಬರೆದು ನೋಡುತ್ತಿದ್ದಳು. ದಿನಕ್ಕೊಂದು ಹಾಳೆ ಹರಿಯುವ ತಮಿಳು ಕ್ಯಾಲೆಂಡರಿನ ಹಳೆಯ ಹಾಳೆಗಳ ಬೆನ್ನಲ್ಲಿ ಏನೋ ಗೀಚಿ, ಅಕ್ಕಿ ಆರಿಸುತ್ತ ತುಟಿಯಲ್ಲೇ ಹೇಳಿಕೊಳ್ಳುವಳು. ಹೆಜ್ಜೆ ಸದ್ದಾದರೆ ಹಾಳೆ ಮಡಚಿ ಖಾಲಿ ತೊಗರಿಬೇಳೆ ಡಬ್ಬಿಗೆ ತುರುಕುವಳು. ಸರಸಮ್ಮ ಕಂಡೂ ಕಾಣದ ಹಾಗೆ ಇದ್ದಳು.

ಮೇ ತಿಂಗಳ ಮೊದಲ ವಾರ ಅತ್ತೆ ಸೊಸೆ ಪರದೆ ಬಟ್ಟೆ ತರಲು ಹೈರೋಡಿನ ಜವಳಿ ಅಂಗಡಿಗೆ ಹೋದರು. ಅಂಗಡಿಯವನು ನೀಲಿ ಹರವಿದ, ಹಸಿರು ಹರವಿದ. ಪ್ರೇರಣಾ ಎರಡರ ಮೇಲೂ ಕೈಯಿಟ್ಟು ನಿಂತಳು. ಐದು ನಿಮಿಷ, ಹತ್ತು ನಿಮಿಷ.

"ನಿನಗೆ ಯಾವುದು ಚಂದ ಕಾಣ್ತದೋ ಅದು ತಗೋ," ಎಂದಳು ಸರಸಮ್ಮ.

"ನೀಲಿ ತಗೊಂಡ್ರೆ ಹಸಿರು ಯಾಕಿಲ್ಲ ಅಂತಾರೆ. ಹಸಿರು ತಗೊಂಡ್ರೆ..." ಅವಳ ಹಣೆಯಲ್ಲಿ ಬೆವರು. "ಅತ್ತೆ, ನೀವೇ ಹೇಳಿ. ನೀವು ಹೇಳಿದ್ದು ಅಂತ ಹೇಳಬಹುದಲ್ಲ."

ಅಂಗಡಿಯವನು ವಯಸ್ಸಾದವನು, ಕಿವಿಯ ಮೇಲೆ ಪೆನ್ಸಿಲು. ಇಬ್ಬರನ್ನೂ ಒಮ್ಮೆ ನೋಡಿ ಎರಡೂ ಬಟ್ಟೆಯನ್ನು ಮಡಚಿ ಚೀಲಕ್ಕೆ ಹಾಕಿದ. "ರೆಂಡುಮೇ ಎಡುತ್ತುಟ್ಟು ಪೋಂಗಮ್ಮಾ. ಎರಡೂ ತಗೊಂಡು ಹೋಗಿ. ಬೇಡದ್ದನ್ನು ನಾಳೆ ತಂದುಕೊಡಿ, ನಾನೇ ಇರ್ತೇನೆ," ಎಂದು ಅರ್ಧ ತಮಿಳು ಅರ್ಧ ಕನ್ನಡದಲ್ಲಿ ಹೇಳಿದ. ಬಿಲ್ಲು ಹಾಕಲೇ ಇಲ್ಲ. ಮನೆಗೆ ಬರುವ ದಾರಿಯುದ್ದಕ್ಕೂ ಸರಸಮ್ಮನಿಗೆ ಆ ಪೆನ್ಸಿಲಿನ ಮುದುಕನದೇ ನೆನಪು. ಒಬ್ಬ ಹೊರಗಿನವನು ಹತ್ತು ನಿಮಿಷದಲ್ಲಿ ಕಂಡದ್ದನ್ನು ತಾನು ಎಷ್ಟು ವರ್ಷದಿಂದ ಕಾಣದ ಹಾಗೆ ಇದ್ದೇನೆ?

ಆ ವಾರವೇ ಇಡ್ಲಿಯಲ್ಲಿ ಕಲ್ಲು ಸಿಕ್ಕಿತು. ಸುಬ್ರಾಯರ ಹಲ್ಲಿಗೇ ಸಿಕ್ಕಿತು. "ಎಂತದಿದು, ಹಿಟ್ಟಾ ಮರಳಾ?" ಎಂದು ಅವರು ತಟ್ಟೆ ತಳ್ಳಿದರು. ಸರಸಮ್ಮ ಐತಪ್ಪನಿಗೆ ಹೇಳಿ ಕಳಿಸಿದಳು.

ಐತಪ್ಪ ಹೋಟೆಲು ಬಿಟ್ಟು ಹತ್ತು ವರ್ಷವಾಗಿತ್ತು. ಈಗ ಊರಿನವರ ಮನೆಮನೆಗೆ ಹೋಗಿ, ನಯವಾದ ಗ್ರೈಂಡರ್ ಕಲ್ಲುಗಳಿಗೆ ಉಳಿಯಿಂದ ತರಿ ಹಾಕಿಕೊಡುತ್ತಿದ್ದ. ಕಲ್ಲನ್ನು ಎತ್ತಿ ಗೋಣಿಯ ಮೇಲೆ ಮಲಗಿಸಿ, ಅಂಗೈಯಿಂದ ಸವರಿದವನು ತಲೆಯೆತ್ತಲಿಲ್ಲ.

"ಅಮ್ಮ, ಇದು ಅಕ್ಕಿ ಅರೆದು ಸವೆದ ಕಲ್ಲಲ್ಲ."

"ಮತ್ತೆ?"

"ಬರಿದೇ ತಿರುಗಿದ ಕಲ್ಲು. ಕಲ್ಲಿಗೆ ಕಲ್ಲೇ ತಾಗಿದರೆ ಹೀಗೆ ಮುಕ್ಕಾಗ್ತದೆ. ಹೋಟೆಲಿನ ಕಲ್ಲೂ ಹೀಗೇ ಆಗ್ತಿತ್ತು."

ಸರಸಮ್ಮ ಅವನಿಗೆಂದು ತಂದ ಕಾಫಿ ಲೋಟ ಕೈಯಲ್ಲೇ ಉಳಿಯಿತು. ಐತಪ್ಪ ಉಳಿಯನ್ನು ಒರೆಸಿಕೊಂಡ.

"ಯಾರಿಗೆ ಗೊತ್ತಿಲ್ಲದಿದ್ದರೂ ನನಗೆ ಗೊತ್ತಲ್ಲ ಅಮ್ಮ. ಸ್ವಿಚ್ಚು ಹಾಕಿದ ಪಾಪ ಮೊದಲು ನನ್ನದು. ಒಂದು ಹೇಳ್ತೇನೆ, ಬೇಜಾರು ಮಾಡಬೇಡಿ. ಕಲ್ಲು ತಿರುಗುವ ಮೊದಲು ಧಣಿಗಳು ಸ್ವಲ್ಪ ಹಿಡಿದು ಬೈತಿದ್ದರು. ಹೊರಗೆ ಜನ ಇದ್ದಾರೆ ಅಂತ ಹೆದರಿಕೆ. ಕಲ್ಲು ತಿರುಗ್ಲಿಕ್ಕೆ ಶುರುವಾದ ಮೇಲೆ ಅವರಿಗೆ ಧೈರ್ಯ. ಆಮೇಲೆಯೇ ಅಮ್ಮನನ್ನು, ಅಕ್ಕನನ್ನು ಎಲ್ಲ ಎಳೆದು ಬೈತಿದ್ದದ್ದು. ನಾನು ಉಪಕಾರ ಮಾಡ್ತೇನೆ ಅಂತಲೇ ಇದ್ದೆ. ಆ ಅಡುಗೆಯ ಮಂಜುನಾಥ ಕೆಲಸ ಬಿಟ್ಟು ಹೋಗುವ ದಿನ ನನಗೆ ಹೇಳಿದ, 'ಐತಪ್ಪಣ್ಣ, ನೀನು ಸ್ವಿಚ್ಚು ಹಾಕದಿದ್ದರೆ ಇವರು ಇಷ್ಟು ಹೇಳ್ತಿರಲಿಲ್ಲ' ಅಂತ."

ಅವನು ಉಳಿ ಹಿಡಿದು ಕೆಲಸ ಶುರು ಮಾಡಿದ. ಟಕ್ ಟಕ್ ಟಕ್. ಸಮೀಕ್ಷಾ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ನೋಡಿದಳು. ಹೋಗುವಾಗ ಐತಪ್ಪ ಅವಳಿಗೆ ಒಂದು ಚಪ್ಪಟೆ ಕಲ್ಲಿನ ಚೂರನ್ನು ಉಜ್ಜಿ ನುಣುಪು ಮಾಡಿ ಕೊಟ್ಟ, ಕುಂಟಾಬಿಲ್ಲೆಗೆ.

ಅನಂತರ ಎರಡು ವಾರ ಸರಸಮ್ಮನ ಕೈ ಸ್ವಿಚ್ಚಿನ ಕಡೆ ಹೋಗುವುದು, ನಿಲ್ಲುವುದು. ಕೆಲವು ಸಲ ಹಾಕಿಯೂ ಬಿಟ್ಟಳು. ಮೂವತ್ತು ವರ್ಷದ ಅಭ್ಯಾಸ, ಕೈಯೇ ಹಾಕುತ್ತಿತ್ತು.

ಒಂದು ದಿನ ಪ್ರೇರಣಾ ತವರಿಗೆ ಫೋನು ಮಾಡಿದಳು. ಸರಸಮ್ಮನಿಗೆ ಒಂದು ಕಡೆಯ ಮಾತು ಮಾತ್ರ ಕೇಳಿಸಿತು. "ಹೊಡೆಯಲ್ಲಮ್ಮ... ಕುಡಿಯಲ್ಲ... ಇಲ್ಲ, ಆ ಥರ ಏನೂ ಇಲ್ಲ... ಬೈತಾರೆ ಅಷ್ಟೆ... ಹೌದು, ಎಲ್ಲರ ಮನೇಲೂ ಇರುತ್ತೆ... ಸರಿ. ಊಟ ಆಯ್ತು, ಸೌತೆಕಾಯಿ ಹುಳಿ." ಫೋನಿಟ್ಟು ಬಂದು ಪಾತ್ರೆ ತೊಳೆಯಲು ಕೂತಳು.

ಮೇ ಇಪ್ಪತ್ತೆಂಟು, ಬುಧವಾರ. ಸಂತೋಷ್ ಒಳ್ಳೆಯ ಮನಸ್ಸಿನಲ್ಲಿದ್ದ ಹಾಗೆ ಕಂಡಿತು. ಊಟದ ನಡುವೆ, "ಅನಾನಸಿನ ಮೆಣಸ್ಕಾಯಿ ಲಾಯ್ಕಾಗಿದೆ," ಎಂದ. ಪ್ರೇರಣಾ ಅತ್ತೆಯ ಕಡೆ ನೋಡಿ, ಒಂದು ಉಸಿರು ತೆಗೆದುಕೊಂಡು, ಪಾಠ ಒಪ್ಪಿಸುವ ಮಗುವಿನಂತೆ ಹೇಳಿದಳು.

"ಎರಡನೇ ತಾರೀಖಿನಿಂದ ನಾನು ಕೆಲಸಕ್ಕೆ ಹೋಗ್ತೀನಿ. ಕಾಗದ ಬಂದಿದೆ."

"ಯಾವಾಗ ಬಂದದ್ದು?"

"ಮಾರ್ಚಿನಲ್ಲಿ."

"ಮಾರ್ಚಿನಿಂದ ಮುಚ್ಚಿಟ್ಟದ್ದಾ?" ಸಂತೋಷ್ ಕೈ ಕೊಡವಿ ಎದ್ದ. "ಎರಡು ತಿಂಗಳು ನನ್ನ ಅನ್ನ ತಿಂದುಕೊಂಡು ನನ್ನಿಂದ ಮುಚ್ಚಿಟ್ಟದ್ದಾ?"

ಅಡುಗೆಮನೆಯಲ್ಲಿ ಸ್ಟೂಲು ಎಳೆದ ಸದ್ದಾಯಿತು. ಹಿಂದೆಯೇ ಗ್ರೈಂಡರ್ ತಿರುಗಿತು.

ಸರಸಮ್ಮ ಊಟದ ಕೋಣೆಯಲ್ಲೇ ಇದ್ದಳು. ಒಳಗೆ ಹೋಗಿ ನೋಡಿದರೆ ಸಮೀಕ್ಷಾ ಸ್ಟೂಲಿನ ಮೇಲೆ ತುದಿಗಾಲಲ್ಲಿ ನಿಂತಿದ್ದಾಳೆ, ಒಂದು ಕೈ ಸ್ವಿಚ್ಚಿನ ಮೇಲೆ, ಒಂದು ಕೈ ಗೋಡೆಗೆ. ಜಡೆಯ ರಿಬ್ಬನ್ನು ತಿರುಗುವ ಕಲ್ಲಿನ ಮೇಲೆ ಗೇಣಿನಷ್ಟು ಎತ್ತರದಲ್ಲಿ ತೂಗುತ್ತಿದೆ.

"ಅಜ್ಜಿ, ನಾನೇ ಪೋಟ್ಟುಟ್ಟೇನ್!" ನಾನೇ ಹಾಕಿಬಿಟ್ಟೆ ಎಂದು ಮಗು ಹೆಮ್ಮೆಯಿಂದ ಹೇಳಿತು. "ಅಪ್ಪ ಬೊಬ್ಬೆ ಹಾಕ್ತಿದ್ರು. ನೀನು ಅಲ್ಲಿ ಕೂತಿದ್ದೆ. ಅದಕ್ಕೆ ನಾನೇ."

ಸರಸಮ್ಮ ಮಗುವನ್ನು ಎತ್ತಿ ಕೆಳಗಿಳಿಸಿದಳು. ಸಂತೋಷನ ಸ್ವರ ಕಲ್ಲಿನ ಸದ್ದಿನ ಮೇಲೆ ಏರಿ ಏರಿ ಬರುತ್ತಿತ್ತು, ಐತಪ್ಪ ಹೇಳಿದ ಹಾಗೆಯೇ, ಧೈರ್ಯವಾಗಿ. ಅವಳು ಸ್ವಿಚ್ಚು ಆರಿಸಿದಳು.

"...ನಿನ್ನನ್ನು ಆಫೀಸಿನಲ್ಲಿ ಇಟ್ಟುಕೊಳ್ಳುವುದು ಕುರ್ಚಿ ಒರೆಸ್ಲಿಕ್ಕೆ! ನಾನಲ್ಲದಿದ್ದರೆ ನಿನ್ನನ್ನು ಬೀದಿಯ ನಾಯಿಯೂ ಮೂಸುವುದಿಲ್ಲ!"

ಮಾತು ಇಡೀ ಮನೆಯಲ್ಲಿ ಬೆತ್ತಲೆಯಾಗಿ ನಿಂತಿತು. ಕಿಟಕಿಯ ಹೊರಗೆ ಲಾರಿ ಬಂದಿತ್ತು. ಕೆಳಗೆ ಕೊಡಗಳ ಸಾಲಿನಲ್ಲಿ ಇಷ್ಟು ಹೊತ್ತು ಇದ್ದ ಗಲಾಟೆ ಒಮ್ಮೆಲೇ ನಿಂತುಹೋಯಿತು. ಪ್ಲಾಸ್ಟಿಕ್ ಕೊಡಕ್ಕೆ ನೀರು ಬೀಳುವ ಸದ್ದೊಂದೇ.

ಸಂತೋಷ್ ಬಾಯಿ ಮುಚ್ಚಿದ. ಕಿಟಕಿಯ ಕಡೆ ನೋಡಿದ. ಆಮೇಲೆ ತಗ್ಗಿದ ದನಿಯಲ್ಲಿ ಅಡುಗೆಮನೆಗೆ ಕೇಳುವಷ್ಟು ಹೇಳಿದ.

"ಅಮ್ಮ, ಗ್ರೈಂಡರ್ ಹಾಕು."

ಸರಸಮ್ಮ ಅಡುಗೆಮನೆಯ ಬಾಗಿಲಿಗೆ ಬಂದು ಮಗನನ್ನು ನೋಡಿದಳು. ಇವನಿಗೆ ಗೊತ್ತು. ಇಷ್ಟು ವರ್ಷವೂ ಗೊತ್ತಿತ್ತು.

"ಇಲ್ಲ ಮಾಣಿ," ಎಂದಳು. "ರುಬ್ಬಿ ಆಯಿತು."

ಅವನು ಉಂಡ ಕೈ ತೊಳೆಯದೆ ಚಪ್ಪಲಿ ಮೆಟ್ಟಿ ಹೋದ. ಮೆಟ್ಟಿಲಿಳಿದು ಕೊಡಗಳ ಸಾಲಿನ ಮುಂದೆ ತಲೆ ತಗ್ಗಿಸಿ ನಡೆದದ್ದನ್ನು ಅವಳು ಕಿಟಕಿಯಿಂದ ಕಂಡಳು.

ಸುಬ್ರಾಯರು ಆರಾಮಕುರ್ಚಿಯಿಂದಲೇ ಶುರು ಮಾಡಿದರು. "ನಾಲ್ಕು ಜನರ ಎದುರು ಮಗನ ಮಾನ ತೆಗೆದಿಯಲ್ಲ ನೀನು!"

"ನಾನು ತೆಗೆದದ್ದಾ?"

"ಹೋಟೆಲಿನವರ ಗಂಟಲು ಮಾರಾಯ್ತಿ, ದೊಡ್ಡದೇ ಇರ್ತದೆ. ನಾನೂ ಬೊಬ್ಬೆ ಹೊಡೆದವನೇ. ನೀನು ಎಂತ ಸತ್ತು ಹೋದೆಯಾ?"

ಸರಸಮ್ಮ ಮೊರದಲ್ಲಿ ಅಲಸಂಡೆ ಹಾಕಿಕೊಂಡು ಅವರ ಎದುರು ನೆಲದ ಮೇಲೆ ಕೂತಳು. ಒಂದೊಂದೇ ಮುರಿಯುತ್ತ ಕೇಳಿದಳು.

"ನಾನು ನಿಮ್ಮ ಹತ್ತಿರ ಕೊನೆಗೆ ಕೇಳಿದ್ದು ಎಂತ, ಹೇಳಿ ನೋಡುವ."

"ಕೇಳಿದ್ದಾ? ಎಂತ ಕೇಳಿದ್ದೆ?"

"ತಂಗಿಯ ಬಾಣಂತನಕ್ಕೆ ಊರಿಗೆ ಹೋಗ್ತೇನೆ ಅಂದೆ. ಸಂತೋಷನಿಗೆ ಆಗ ಮೂರು ವರ್ಷ. ನೀವು ಅಂದದ್ದು ನಾನು ಈಗ ಹೇಳುವುದಿಲ್ಲ, ಮಗು ಇದೆ. ಆಮೇಲೆ ನಾನು ನಿಮ್ಮ ಹತ್ತಿರ ಏನೂ ಕೇಳ್ಲಿಲ್ಲ. ಸೀರೆ ಕೇಳ್ಲಿಲ್ಲ, ಸಿನೆಮಾ ಕೇಳ್ಲಿಲ್ಲ, ನನ್ನ ಅಮ್ಮ ಹೋದಾಗ ಬಸ್ಸಿಗೆ ಕೂಡ ನಿಮ್ಮನ್ನು ಕೇಳ್ಲಿಲ್ಲ, ಐತಪ್ಪನ ಹತ್ತಿರ ಟಿಕೇಟು ತರಿಸಿದೆ. ನೀವು ನನ್ನನ್ನು ಸಾಧು ಅಂತ ಎಲ್ಲರ ಹತ್ತಿರ ಹೊಗಳಿದಿರಿ. ಸಾಯ್ಲಿಲ್ಲ, ಹೌದು."

ಸುಬ್ರಾಯರು ಪೇಪರು ಎತ್ತಿಕೊಂಡರು. ಬಹಳ ಹೊತ್ತು ಪುಟ ಮಗುಚಲಿಲ್ಲ. ನಾಲ್ಕು ಗಂಟೆಗೆ ಕಾಫಿ ಕುಡಿದವರು ಎದ್ದು ಹೋಗಿ ಲೋಟವನ್ನು ತಾವೇ ತೊಳೆದು ಕವುಚಿ ಹಾಕಿದರು. ಸೋಪು ಸರಿಯಾಗಿ ಹೋಗಿರಲಿಲ್ಲ. ಸರಸಮ್ಮ ಅದನ್ನು ಮತ್ತೆ ತೊಳೆಯದೆ ಹಾಗೇ ಬಿಟ್ಟಳು.

ಸಂಜೆ ಕೆಳಗಿನ ಮನೆಯ ಶಿವಲಿಂಗಮ್ಮ ಎರಡು ಕೊಡ ನೀರು ಹೊತ್ತು ತಂದರು. ರೈಲ್ವೆ ಆಸ್ಪತ್ರೆಯಲ್ಲಿ ಆಯಾ ಆಗಿದ್ದವರು, ಎಪ್ಪತ್ತಾದರೂ ಸೊಂಟ ಗಟ್ಟಿ. "ನೀವು ಇಳಿದು ಬರಲಿಲ್ಲ, ಅದಕ್ಕೆ ನಿಮ್ಮ ಕೊಡಾನೂ ಸಾಲಲ್ಲಿ ಇಟ್ಟಿದ್ದೆ," ಎಂದರು.

ಸರಸಮ್ಮನಿಗೆ ಅವರ ಮುಖ ನೋಡಲಾಗಲಿಲ್ಲ. "ಇವತ್ತು ಎಲ್ಲರಿಗೂ ಕೇಳಿಸ್ತು, ಅಲ್ವಾ?"

"ಇವತ್ತಾ?" ಶಿವಲಿಂಗಮ್ಮ ಸೆರಗಿನಿಂದ ಕೈ ಒರೆಸಿಕೊಂಡರು. "ಸರಸಮ್ಮ, ನಿಮ್ಮ ಗ್ರೈಂಡರ್ ಶುರುವಾದ್ರೆ ನಾವು ಕೆಳಗಡೆ ಟೀವಿ ಜೋರು ಮಾಡ್ಕೋತಿದ್ವಿ. ಪಕ್ಕದ ಮನೆಯವರು ಮಿಕ್ಸಿ ಹಾಕೋರು. ಎಲ್ಲ ಕೇಳುತ್ತೆ ಕಣ್ರೀ. ನೀವು ಇಷ್ಟು ಕಷ್ಟಪಟ್ಟು ಮುಚ್ಚೋವಾಗ ನಮಗೆ ಕೇಳಿಸ್ತು ಅಂತ ನಿಮಗೆ ಗೊತ್ತಾಗೋದು ಬೇಡ ಅಂತ."

ಸರಸಮ್ಮ ಕೊಡದ ಬಾಯಿಗೆ ತಟ್ಟೆ ಮುಚ್ಚಿದಳು. ಇಷ್ಟು ಜನರ ಒಳ್ಳೆಯತನ ಸೇರಿ ಒಂದು ಹೆಣ್ಣನ್ನು ಅಷ್ಟು ವರ್ಷ ಒಳಗೆ ಕೂಡಿಹಾಕಿತ್ತು. ಯಾರನ್ನು ಬೈಯುವುದು?

ಶಿವಲಿಂಗಮ್ಮ ಹೋದ ಮೇಲೆ ಅವಳು ಕನ್ನಡಕ ಹಾಕಿಕೊಂಡು, ಗೋಡೆಯ ಮೇಲೆ ಬರೆದಿಟ್ಟ ನಂಬರು ನೋಡಿ ಒಂದೊಂದೇ ಅಂಕಿ ಒತ್ತಿ ಪೆರಂಬೂರಿಗೆ ಫೋನು ಮಾಡಿದಳು. ಪ್ರೇರಣಾಳ ತಾಯಿ ಶಾರದಮ್ಮ ಎತ್ತಿದರು.

"ಬೀಗಿತ್ತಿಯವರೇ! ಏನು ಅಪರೂಪ? ಎಲ್ಲ ಸೌಖ್ಯ ತಾನೆ? ನಮ್ಮ ಹುಡುಗಿ ಏನಾದ್ರೂ ತಪ್ಪು ಮಾಡಿದ್ಳಾ? ಅವಳಿಗೆ ಸ್ವಲ್ಪ ಸೂಕ್ಷ್ಮ, ನಾನೂ ಬುದ್ಧಿ ಹೇಳಿದ್ದೀನಿ..."

"ಅವಳದ್ದಲ್ಲ ತಪ್ಪು. ನನ್ನ ಮಗನದ್ದು. ನನ್ನದೂ."

ಆ ಕಡೆ ಕುರ್ಚಿ ಎಳೆದ ಸದ್ದು.

"ಹೊಡೆಯುವುದಿಲ್ಲ ಅಂತ ಅವಳು ನಿಮಗೆ ಹೇಳಿದ್ದು ನಿಜ ಶಾರದಮ್ಮ. ಆದರೆ ಅವಳಿಗೆ ಒಂದು ಪರದೆಯ ಬಣ್ಣ ಆರಿಸ್ಲಿಕ್ಕೆ ಆಗುವುದಿಲ್ಲ ಈಗ. ನಾನೇ ಕಣ್ಣಾರೆ ನೋಡಿದೆ. ಸೋಮವಾರ ಅವಳು ಆಫೀಸಿಗೆ ಹೋಗ್ಬೇಕು. ಇಲ್ಲಿಂದ ಹೋದರೆ ಸಂಜೆ ವಾಪಸು ಬರುವಾಗ ಏನಾಗ್ತದೆ ಅಂತ ನಾನು ಹೇಳ್ಲಾರೆ. ನಿಮ್ಮಲ್ಲಿಗೆ ಬರ್ತಾಳೆ. ಬಂದಾಗ 'ಹೊಂದಿಕೊಂಡು ಹೋಗು' ಅಂತ ಹೇಳಬೇಡಿ. ಇದನ್ನು ಹೇಳ್ಲಿಕ್ಕೇ ಮಾಡಿದೆ."

"ಎಷ್ಟು ದಿನಕ್ಕೆ?" ಶಾರದಮ್ಮನ ಸ್ವರ ಸಣ್ಣದಾಗಿತ್ತು.

"ಅವಳನ್ನೇ ಕೇಳುವ. ಅವಳು ಹೇಳ್ಲಿ."

ತಿರುಗಿ ನೋಡಿದರೆ ಪ್ರೇರಣಾ ಬಾಗಿಲಲ್ಲಿ ನಿಂತಿದ್ದಳು. ಅವಳು ಅಳಲಿಲ್ಲ, ಕಾಲಿಗೆ ಬೀಳಲಿಲ್ಲ. "ಅತ್ತೆ, ನನ್ನ ಕಾಟನ್ ಸೀರೆಗಳಿಗೆ ಗಂಜಿ ಹಾಕಬೇಕು," ಎಂದಳು. ಇಬ್ಬರೂ ಆ ಸಂಜೆಯೇ ನಾಲ್ಕು ಸೀರೆಗೆ ಗಂಜಿ ಹಾಕಿ ತಾರಸಿಯಲ್ಲಿ ಹರವಿದರು.

ಮುಂದಿನ ನಾಲ್ಕು ದಿನ ಸಂತೋಷ್ ಹೋಟೆಲಿನಲ್ಲೇ ಉಂಡ. ಬೆಳಿಗ್ಗೆ ಐದಕ್ಕೆ ಹೋಗುವನು, ಬಂದರೆ ಯಾರೊಡನೆಯೂ ಮಾತಿಲ್ಲ. ಭಾನುವಾರ ಅವನು ಅಂಗಿಗೆ ಗುಂಡಿ ಹಾಕಿಕೊಳ್ಳುವಾಗ ಪ್ರೇರಣಾ ಅವನ ಎದುರು ನಿಂತು ಹೇಳಿದಳು, "ನಾಳೆ ಹೋಗ್ತಿದ್ದೀನಿ. ಅಲ್ಲಿಂದ ಅಮ್ಮನ ಮನೆಗೆ. ಮಗುವೂ ನನ್ನ ಜೊತೆ." ಅವನು ಅಡುಗೆಮನೆಯ ಕಡೆ ಒಮ್ಮೆ ನೋಡಿದ. ಗ್ರೈಂಡರಿನ ಮೇಲೆ ಬಟ್ಟೆ ಮುಚ್ಚಿತ್ತು. ಅದರ ಮೇಲೆ ಸರಸಮ್ಮ ಉಪ್ಪಿನಕಾಯಿ ಜಾಡಿ ಇಟ್ಟಿದ್ದಳು. "ಬೆದರಿಸುವುದಾ?" ಎಂದಷ್ಟೇ ಅಂದು ಹೋದ. ನಂಬಿರಲಿಲ್ಲ ಅವನು.

ಸೋಮವಾರ ಬೆಳಿಗ್ಗೆ ಎಂಟಕ್ಕೆ ವಿಶ್ವನಾಥರು ಆಟೋ ತಂದರು. ಸರಸಮ್ಮ ಮೊಸರನ್ನ ಕಲಸಿ, ಮಾವಿನ ಮಿಡಿ ಇಟ್ಟು ಡಬ್ಬಿ ಕಟ್ಟಿದ್ದಳು. ಸುಬ್ರಾಯರು ಸೊಸೆಯ ಪೆಟ್ಟಿಗೆಯನ್ನು ಎತ್ತಲು ಹೋಗಿ ಎತ್ತಲಾರದೆ ಮೆಟ್ಟಿಲವರೆಗೆ ತಳ್ಳಿದರು. ಸಮೀಕ್ಷಾ ಐತಪ್ಪ ಕೊಟ್ಟ ಕಲ್ಲಿನ ಬಿಲ್ಲೆ ಮುಷ್ಟಿಯಲ್ಲಿ ಹಿಡಿದು, "ಅಜ್ಜಿ, ಗ್ರೈಂಡರ್ ಯಾರು ಹಾಕೋದು?" ಎಂದಳು.

"ಅಕ್ಕಿ ನೆನೆಸಿದ ದಿನ ನಾನು ಹಾಕ್ತೇನೆ ಮಗಾ. ಬೇರೆ ದಿನ ಬೇಡ."

ಸಂದಿನ ಬಾಯಲ್ಲಿ ಆಟೋದವನು ಮೀಟರಿನ ಮೇಲೆ ಇಪ್ಪತ್ತು ಕೇಳಿದ. "ಯಾವ ಊರಿನ ನ್ಯಾಯ ಅಪ್ಪಾ ಇದು?" ಎಂದು ಪ್ರೇರಣಾ ತಮಿಳಿನಲ್ಲಿ ಕೇಳಿದ್ದು ಮೇಲಿನ ಕಿಟಕಿಗೂ ಕೇಳಿಸಿತು. ಸ್ವರ ಸ್ವಲ್ಪ ನಡುಗಿತ್ತು, ಆದರೂ ಕೇಳಿಸಿತು.

ಮಧ್ಯಾಹ್ನ ಸಾರಿಗೆಂದು ಸರಸಮ್ಮ ಬೇಳೆ ಡಬ್ಬಿ ತೆಗೆದಳು. ಕೈಗೆ ಸಿಕ್ಕಿದ್ದು ಇನ್ನೊಂದು ಡಬ್ಬಿ, ಹಾಳೆಗಳದ್ದು.

ಮೂರು ಗಂಟೆಗೆ ಸಂತೋಷ್ ಬಂದ. ಕೈಯಲ್ಲಿ ಹಲ್ವದ ಪೊಟ್ಟಣ. ಒಳಗೆ ಹೋಗಿ ಬೀರು ತೆರೆದ ಸದ್ದು ಕೇಳಿಸಿತು. ಹೊರಗೆ ಬಂದಾಗ ಮುಖ ಕೆಂಪಾಗಿತ್ತು.

"ನಿಜವಾಗಿಯೂ ಹೋದ್ಲಾ? ನೀವೆಲ್ಲ ಸೇರಿ ಕಳಿಸಿದ್ದಾ? ಯಾರನ್ನು ಕೇಳಿ..."

"ಮೆಲ್ಲ ಹೇಳು ಮಗಾ," ಎಂದಳು ಸರಸಮ್ಮ. "ನನಗೆ ಕಿವಿ ಕೇಳ್ತದೆ."

ಅವನು ಕಿಟಕಿಯ ಕಡೆ ತಿರುಗಿದ. ಕೆಳಗೆ ಕೊಡಗಳ ಸಾಲು. ಮೆಲ್ಲ ಹೇಳಲು ಅವನ ಹತ್ತಿರ ಮಾತೇ ಇದ್ದ ಹಾಗೆ ಕಾಣಲಿಲ್ಲ. ಕೂತ. ಅವಳು ಅನ್ನ ಬಡಿಸಿದಳು, ಸಾರು ಬಡಿಸಿದಳು, ಬಟ್ಟಲಿನ ಪಕ್ಕ ಒಂದು ಕ್ಯಾಲೆಂಡರ್ ಹಾಳೆ ಇಟ್ಟಳು.

ಅವನು ಎಡಗೈಯಲ್ಲಿ ಎತ್ತಿಕೊಂಡ. ಪ್ರೇರಣಾಳ ಸಣ್ಣ ಅಕ್ಷರ. 'ನಿಮಗೆ ಆಯಾಸವಿಲ್ಲದಿದ್ದರೆ ಒಂದು ವಿಷಯ', ಹೊಡೆದು ಹಾಕಿದೆ. 'ನೀವು ಸಿಟ್ಟು ಮಾಡಿಕೊಳ್ಳುವುದಿಲ್ಲ ಅಂದರೆ', ಹೊಡೆದು ಹಾಕಿದೆ. 'ತಪ್ಪು ತಿಳಿಯಬೇಡಿ, ನಾನು ಕೇಳುವುದು', ಹೊಡೆದು ಹಾಕಿದೆ. 'ಹಲ್ವ ತಂದ ದಿನ ಹೇಳಬೇಕು.' ಅದನ್ನು ಹೊಡೆದಿರಲಿಲ್ಲ.

ಸಾರು ಅನ್ನದಲ್ಲಿ ಇಂಗಿತು. ಆರಾಮಕುರ್ಚಿಯಲ್ಲಿ ಸುಬ್ರಾಯರು ಕಣ್ಣು ಮುಚ್ಚಿ ಕೂತಿದ್ದರು, ನಿದ್ದೆ ಬಂದಿರಲಿಲ್ಲ.

"ಇಷ್ಟು ಸಲ ಬರೆದದ್ದಾ?" ಸಂತೋಷನ ಸ್ವರ ಸರಸಮ್ಮನಿಗೇ ಕಷ್ಟದಲ್ಲಿ ಕೇಳಿಸಿತು.

"ಇದು ಒಂದು ಹಾಳೆ. ಉಳಿದದ್ದು ಇದರಲ್ಲಿ ಉಂಟು," ಎಂದು ಅವಳು ಡಬ್ಬಿಯನ್ನು ಅವನ ಮುಂದೆ ಸರಿಸಿದಳು.

"ಸರಸಮ್ಮಾ, ನಿಮ್ಮ ಸರದಿ ಬಂತೂ!" ಎಂದು ಕೆಳಗಿನಿಂದ ಶಿವಲಿಂಗಮ್ಮ ಕೂಗಿದರು.

ಅವಳು ಹಸಿರು ಕೊಡ ಎತ್ತಿಕೊಂಡು ಇಳಿದಳು. ಮೆಟ್ಟಿಲಿನ ತಿರುವಿನಲ್ಲಿ, ಅಭ್ಯಾಸಬಲದಿಂದ, ನಿಂತು ಆಲಿಸಿದಳು. ಮೇಲಿನಿಂದ ಮಾತಿನ ಸದ್ದಿಲ್ಲ, ಕಲ್ಲಿನ ಸದ್ದಿಲ್ಲ. ಡಬ್ಬಿಯ ಮುಚ್ಚಳ ತೆಗೆದ ಸದ್ದು. ಆಮೇಲೆ ಒಂದು ಹಾಳೆ, ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು.